ಚಿಕ್ಕಪ್ಪ, ಹಳೇ ಮನೆ ಮಣ್ಣನ್ನು ಕೆರೆಗೆ ಸುರಿಸಬೇಡಿ

ಚಿಕ್ಕಪ್ಪ, ನಿಮ್ಮ ಮೆಸೇಜ್ ನೋಡಿದೆ. ಹಳೇ ಮಣ್ಣಿನ ಮನೆ ಕೆಡವೋಕೆ ಜೆಸಿಬಿಗೆ ಹೇಳಿದ್ದೀರಿ, ಮಣ್ಣನ್ನೆಲ್ಲ ಕೆರೆ ಅಂಗಳಕ್ಕೆ ಸುರಿಸೋಣ ಅಂದಿದ್ದೀರಿ. ದಯವಿಟ್ಟು ಸ್ವಲ್ಪ ತಡೆಯಿರಿ. ಜೆಸಿಬಿ ಒಂದು ಸಲ ಬಕೆಟ್ ಹಾಕಿತು ಅಂದರೆ ಹೆಂಚು, ಮರ, ಸಿಮೆಂಟು, ಮಣ್ಣು ಎಲ್ಲ ಕಲಸಿಹೋಗುತ್ತದೆ, ಆಮೇಲೆ ಅದು ಬರೀ ಕಸ.

ನಡುಮನೆ ಗೋಡೆ ಒಂದನ್ನೇ ತಗೊಳ್ಳಿ. 20 ಅಡಿ ಉದ್ದ, 10 ಅಡಿ ಎತ್ತರ, ಒಂದೂವರೆ ಅಡಿ ದಪ್ಪ ಅಂದರೂ 300 ಘನ ಅಡಿ, ಅಂದರೆ 3 ಯೂನಿಟ್ ಮಣ್ಣು! ಅದನ್ನು ಸಾಗಿಸೋಕೆ ದುಡ್ಡು ಕೊಟ್ಟು, ಹೊಸ ಮನೆ ಪಾಯ ತುಂಬೋಕೆ ಮತ್ತೆ ದುಡ್ಡು ಕೊಟ್ಟು ಮಣ್ಣು ತರಿಸುವುದು ಯಾಕೆ?

ಮೊದಲು ಹೆಂಚು, ತೊಲೆ ಇಳಿಸಿ. ಮುಂದಿನ ಗೋಡೆಗೆ ಆಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದಲ್ವಾ, ಅದು ಮಣ್ಣಿಗೆ ಗಟ್ಟಿಯಾಗಿ ಹಿಡಿದಿರುವುದಿಲ್ಲ, ಹಾರೆಯಲ್ಲಿ ಮೀಟಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದನ್ನು ಬೇರೆ ಗುಡ್ಡೆ ಹಾಕಿಸಿ. ಉಳಿದ ಗೋಡೆಯಿಂದ ಒಂದು ಹೆಂಟೆ ತೆಗೆದು ರಾತ್ರಿ ಬಕೆಟ್ ನೀರಿಗೆ ಹಾಕಿಡಿ. ಬೆಳಿಗ್ಗೆ ಕೈ ಹಾಕಿದರೆ ಬೆರಳ ಸಂದಿಯಲ್ಲಿ ಕೆಸರಾಗಿ ಜಾರಬೇಕು. ಹಾಗಾದರೆ ಅದು ಸುಡದ, ಸಿಮೆಂಟ್ ಬೆರೆಸದ ಮಣ್ಣು. ಜರಡಿ ಹಿಡಿದು, ಸ್ವಲ್ಪ ಹೊಸ ಮಣ್ಣು, ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ನೆನೆಹಾಕಿ ತುಳಿಸಿದರೆ ಮತ್ತೆ ಗೋಡೆ ಎಬ್ಬಿಸಬಹುದು. ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿರುವ ಮಣ್ಣು ಮಾತ್ರ ಗೋಡೆಗೆ ಬೇಡ.

ಹಿತ್ತಲಿನ ರೂಮು ಬೇರೆ ಲೆಕ್ಕ. ಅದು ಮಣ್ಣಿನ ಬ್ಲಾಕು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಬೆಂಗಳೂರಿನ ಐಐಎಸ್ಸಿಯಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ನಮ್ಮ ಕಡೆ ಬೆಳೆಸಿದ ವಿಧಾನ ಇದು. ಅದಕ್ಕೆ ಸಾಮಾನ್ಯವಾಗಿ ನೂರಕ್ಕೆ 5ರಿಂದ 8 ಪಾಲು ಸಿಮೆಂಟ್ ಬೆರೆಸಿರುತ್ತಾರೆ, ನೀರಲ್ಲಿ ನೆನೆಸಿದರೂ ಕರಗುವುದಿಲ್ಲ. ಇಡಿಯಾಗಿ ಬಿಡಿಸಿದ್ದು ಕಾಂಪೌಂಡಿಗೆ, ಒಡೆದದ್ದು ಪಾಯಕ್ಕೆ. ಹೆಂಚೂ ಅಷ್ಟೇ, ಸುಟ್ಟದ್ದು ಮತ್ತೆ ಮಣ್ಣಾಗುವುದಿಲ್ಲ. ಒಳ್ಳೇ ಹೆಂಚು ಕೊಟ್ಟಿಗೆಗೆ ಹಾಕಿ, ಒಡಕು ಹೆಂಚನ್ನು ಕುಟ್ಟಿ ಪುಡಿ ಮಾಡಿದರೆ ಸುಣ್ಣದ ಗಾರೆಗೆ ಬರುತ್ತದೆ.

ತೋಟಕ್ಕೆ ಹಾಕುವಾಗ ಹುಷಾರು. ಗೆದ್ದಲಿಗೆ ಔಷಧಿ ಹೊಡೆಸಿದ ಬುಡದ ಮಣ್ಣು ಬೇಡವೇ ಬೇಡ. ಹಳೇ ಎನಾಮಲ್ ಬಣ್ಣದಲ್ಲಿ ಸೀಸ ಇರಬಹುದು, ಆ ಪದರವನ್ನು ನೀರು ಚಿಮುಕಿಸಿ ಕೆರೆದು ಬೇರೆ ಚೀಲಕ್ಕೆ ತುಂಬಿಸಿ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ.

ಕೆರೆಗೆ ಸುರಿದರೆ ಅದು ಹೂಳೇ ಅಲ್ವಾ. ಕಟ್ಟಡ ಕೆಡವಿದ ಮಣ್ಣು, ಕಾಂಕ್ರೀಟು, ಮರ ಎಲ್ಲ ಬೇರೆ ಬೇರೆ ಇಡಬೇಕು, ರಸ್ತೆ ಬದಿಗೆ, ಚರಂಡಿಗೆ ಸುರಿಯಬಾರದು ಅಂತ ಕೇಂದ್ರ ಸರ್ಕಾರದ 2016ರ ನಿಯಮದಲ್ಲೇ ಬಂದಿತ್ತು. ಜೆಸಿಬಿಯವನಿಗೆ ಇವತ್ತೇ ಫೋನ್ ಮಾಡಿ ಮುಂದಕ್ಕೆ ಹಾಕಿ. ಹೆಂಚು ಇಳಿಸೋಕೆ ನಾನು, ತಮ್ಮ ಇಬ್ಬರೂ ಬರುತ್ತೇವೆ, ಭಾನುವಾರ ಆಗುತ್ತಾ ಹೇಳಿ.