ಅಮ್ಮನಿಗೆ ಮೂರನೇ ಸಲ ಸಿ ಡಿಫ್, ಮಲದ ಕಸಿ ಬಗ್ಗೆ ಗೊತ್ತಿರುವವರು ಹೇಳಿ

ಮೈಸೂರುಮಗಳು:
ಅಮ್ಮನಿಗೆ 68. ಹಲ್ಲಿನ ಸೋಂಕಿಗೆ ಕೊಟ್ಟ ಆಂಟಿಬಯೋಟಿಕ್ ಮುಗಿದ ವಾರಕ್ಕೇ ಭೇದಿ ಶುರುವಾಯಿತು, ಪರೀಕ್ಷೆ ಮಾಡಿಸಿದರೆ ಸಿ ಡಿಫ್ ಅನ್ನೋ ಬ್ಯಾಕ್ಟೀರಿಯಾದ ಕರುಳಿನ ಸೋಂಕು. ಅದಕ್ಕೆ ಕೊಟ್ಟ ವ್ಯಾಂಕೋಮೈಸಿನ್ ಮಾತ್ರೆ ತೆಗೆದುಕೊಂಡಷ್ಟು ದಿನ ಭೇದಿ ನಿಲ್ಲುತ್ತದೆ, ಬಿಟ್ಟ ಹದಿನೈದು ದಿನಕ್ಕೆ ಮತ್ತೆ ಅದೇ. ರಾತ್ರಿ ಗೋಡೆ ಹಿಡಿದುಕೊಂಡು ಹೋಗುತ್ತಾರೆ, ಟಾಯ್ಲೆಟ್ ಲೈಟ್ ಆರಿಸೋದನ್ನೇ ಬಿಟ್ಟಿದ್ದೇವೆ. ಈಗ ಡಾಕ್ಟರು ಆರೋಗ್ಯವಂತರ ಮಲದಿಂದ ಒಳ್ಳೆಯ ಬ್ಯಾಕ್ಟೀರಿಯಾ ಹಾಕೋಣ ಅಂತಿದ್ದಾರೆ. ನಿಜಕ್ಕೂ ಕೆಲಸ ಮಾಡುತ್ತಾ? ನನ್ನದೇ ಕೊಡಬಹುದಾ? ಅಮ್ಮನಿಗೆ ಹೇಗೆ ಹೇಳಲಿ?

ಲ್ಯಾಬ್‌ಕೋಟು:
ಸಿ ಡಿಫ್‌ಗೆ ಖಂಡಿತ ಕೆಲಸ ಮಾಡುತ್ತೆ. 1958ರಲ್ಲೇ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಸರ್ಜನ್ ಇಂಥದೇ ಕರುಳ ಕಾಯಿಲೆಯ ನಾಲ್ಕು ಜನರಿಗೆ ಆರೋಗ್ಯವಂತರ ಮಲವನ್ನು ಎನಿಮಾದಲ್ಲಿ (ಗುದದ್ವಾರದ ಮೂಲಕ) ಕೊಟ್ಟಿದ್ದರು. ನೆದರ್‌ಲ್ಯಾಂಡ್ಸ್‌ನವರ 2013ರ ಅಧ್ಯಯನದಲ್ಲಿ 16 ಜನರಲ್ಲಿ 13 ಜನ ಒಂದೇ ಸಲಕ್ಕೆ ಗುಣವಾದರು, ಬರೀ ವ್ಯಾಂಕೋಮೈಸಿನ್ ತೆಗೆದುಕೊಂಡ 13 ಜನರಲ್ಲಿ ನಾಲ್ಕೇ ಜನ. ಮಾತ್ರೆ ಸಿ ಡಿಫ್ ಅನ್ನು ಕೊಲ್ಲುತ್ತೆ, ಆದರೆ ಅದರ ಬೀಜಾಣು ಕರುಳಲ್ಲೇ ಉಳಿಯುತ್ತೆ, ಅದನ್ನು ತಡೆಯಬೇಕಾದ ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಸತ್ತಿರುತ್ತೆ. ಅದಕ್ಕೇ ಮತ್ತೆ ಮತ್ತೆ ಬರೋದು.

ನಿಮ್ಮದು ಕೊಡಬಹುದು, ಪರೀಕ್ಷೆಗಳಲ್ಲಿ ಪಾಸಾದರೆ. ಎಚ್‌ಐವಿ, ಹೆಪಟೈಟಿಸ್, ಹೊಟ್ಟೆ ಹುಳು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಎಲ್ಲ ನೋಡ್ತಾರೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅಮೆರಿಕದಲ್ಲಿ ಒಬ್ಬ ದಾನಿಯ ಮಲದಲ್ಲಿದ್ದ ಅಂಥ ಇ ಕೊಲೈ ಬ್ಯಾಕ್ಟೀರಿಯಾ ಇಬ್ಬರಿಗೆ ಹತ್ತಿ ಒಬ್ಬರು ತೀರಿಕೊಂಡರು, 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆಯನ್ನೇ ಹೊರಡಿಸಿತು. ವಿಡಿಯೋ ನೋಡಿ ಮನೆಯಲ್ಲಿ ಮಾಡೋ ಯೋಚನೆ ಮಾತ್ರ ಬೇಡವೇ ಬೇಡ.

ಹಾಸನದಕ್ಕ:
ನಮ್ಮ ಯಜಮಾನರಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಹುಣ್ಣಾಗೋ ಕಾಯಿಲೆ), ನಾವೂ ತುಂಬಾ ಆಸೆಯಿಂದ ವಿಚಾರಿಸಿದ್ವಿ. ಲುಧಿಯಾನದ ದಯಾನಂದ್ ಮೆಡಿಕಲ್ ಕಾಲೇಜಲ್ಲಿ ಈ ಕಾಯಿಲೆಗೂ ಮಾಡ್ತಾರೆ, ಆದರೆ ಸಿ ಡಿಫ್‌ನಷ್ಟು ಸಲೀಸಲ್ಲ. ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ವಾರಕ್ಕೆ 5ರಂತೆ 8 ವಾರ ಎನಿಮಾ ಕೊಟ್ಟರೂ ಹತೋಟಿಗೆ ಬಂದದ್ದು 27% ಜನರಿಗೆ. ನಿಮ್ಮಮ್ಮನ ಕಾಯಿಲೆಗೆ ಇದು ಒಗ್ಗುತ್ತೆ, ಧೈರ್ಯವಾಗಿರಿ. ಉಪ್ಪು ನೀರಲ್ಲಿ ಕಲಸಿ, ಸೋಸಿ, ದೊಡ್ಡ ಕರುಳು ನೋಡೋ ಕೊಲೊನೋಸ್ಕೋಪಿ ಟ್ಯೂಬಲ್ಲಿ ಬಿಡ್ತಾರೆ. ರುಚಿ, ವಾಸನೆ ಏನೂ ಅವರಿಗೆ ಗೊತ್ತಾಗಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂತ ಹೇಳಿ ನೋಡಿ.

ಮೈಸೂರುಮಗಳು:
ಅಕ್ಕಾ, ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು "ಹೆಪ್ಪು ಯಾರ ಮನೇದು?" ಅಂದರು. ನಂದೇ ಅಮ್ಮ ಅಂದೆ, ಕೈ ಹಿಡಿದುಕೊಂಡರು. ನಾಳೆ ಬೆಳಿಗ್ಗೆ ರಕ್ತ, ಮಲ ಎರಡೂ ಪರೀಕ್ಷೆಗೆ ಕೊಡ್ತಿದ್ದೇನೆ.