ಕೃತಿ ಸಂಪುಟಕ್ಕೆ ಹಿನ್ನೋಟ ಬರೆಯುವುದು ಹೇಗೆ? ದಾವಣಗೆರೆ, ದುರ್ಗದವರು ಹೇಳಿದ್ದು

ಕೇಳಿದವಳು: ಒಂಬತ್ತನೇ ತರಗತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಮ್ಮನ ಫೋನಿನಿಂದ ಕೇಳುತ್ತಿದ್ದೇನೆ. ನಮ್ಮ ಮಿಸ್ ಕೃತಿ ಸಂಪುಟದ (ವರ್ಷವಿಡೀ ಮಾಡಿದ ಕೆಲಸ ಕೂಡಿಸಿಡುವ ಫೈಲು) ಮೊದಲ ಹಾಳೆಗಳಲ್ಲಿ ಇಡಲು ಒಂದು ಹಿನ್ನೋಟ ಬರೆದು ತರಲು ಹೇಳಿದ್ದಾರೆ. ಓದು, ಪದ್ಯ, ಚಿತ್ರಕಲೆ, ವಿಜ್ಞಾನ, ಈ ನಾಲ್ಕರಲ್ಲಿ ವರ್ಷವಿಡೀ ಮಾಡಿದ ಕೆಲಸದ ಬಗ್ಗೆ ನನಗೇ ಏನನ್ನಿಸಿತು ಅಂತ ಬರೆಯಬೇಕು. ನಾನು ಬರೆದದ್ದು ಇಷ್ಟು: "ಕಥೆ ಓದಿದ್ದು ಚೆನ್ನಾಗಿತ್ತು. ಪದ್ಯ ಕಷ್ಟ. ಚಿತ್ರ ಬಿಡಿಸುವುದು ಖುಷಿ. ದಾಸವಾಳದ ಪ್ರಯೋಗ ಇಷ್ಟವಾಯಿತು." ಆಮೇಲೆ ಏನೂ ತೋಚುತ್ತಿಲ್ಲ. ಮಿಸ್ ನೋಡಿ, "ಇದು ಎಲ್ಲರೂ ಬರೆಯುವುದೇ, ನಿನ್ನದು ಬರಿ" ಅಂದರು. ನನ್ನದು ಅಂದರೆ ಏನು ಬರೆಯುವುದು? ಇಂಥದ್ದು ಬರೆದವರು ಇದ್ದರೆ ದಯವಿಟ್ಟು ಹೇಳಿ.

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ತಂಗಿ, ನಾನೂ ಒಂಬತ್ತರಲ್ಲಿ ಇಂಥದ್ದೇ ಬರೆದಿದ್ದೆ. ಮೊದಲು ಒಂದು ಮಾತು. ನೆನಪಿನಿಂದ ಬರೆಯಬೇಡ. ನೋಟ್‌ಬುಕ್, ಡ್ರಾಯಿಂಗ್ ಬುಕ್, ರಫ್ ಬುಕ್ ಎಲ್ಲ ಚಾಪೆ ಮೇಲೆ ಹರಡಿಕೊಂಡು ಕೂತುಕೋ. ನೆನಪು ಬರೀ "ಚೆನ್ನಾಗಿತ್ತು" ಅನ್ನುತ್ತದೆ, ಅಷ್ಟೆ. ಫೇರ್ ಬುಕ್ ನೋಡಿದರೂ ಪ್ರಯೋಜನ ಇಲ್ಲ. ಅದರಲ್ಲಿರುವುದು ಬೋರ್ಡಿನಿಂದ ಇಳಿಸಿಕೊಂಡದ್ದು, ಇಡೀ ಕ್ಲಾಸಿನದೂ ಒಂದೇ. ರಫ್ ಬುಕ್‌ನಲ್ಲಿ ಗೀಟು ಹೊಡೆದ ಸಾಲುಗಳು, ಮೂಲೆಯಲ್ಲಿ ಮಾಡಿದ ಲೆಕ್ಕ, ಅಳಿಸಿ ಅಳಿಸಿ ತೂತು ಬಿದ್ದ ಜಾಗ ಇರುತ್ತವಲ್ಲ, ನಿಮ್ಮ ಮಿಸ್ ಕೇಳುತ್ತಿರುವುದು ಅದನ್ನೇ.

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ಭಾಮಿನಿ ಷಟ್ಪದಿ (ಆರು ಸಾಲಿನ ಪದ್ಯ) ಪಾಠವಾದ ಮೇಲೆ ಮೇಷ್ಟ್ರು "ನೀವೇ ಎರಡು ಸಾಲು ಕಟ್ಟಿಕೊಂಡು ಬನ್ನಿ" ಅಂದಿದ್ದರು. ನಿಯಮ ಗೊತ್ತಲ್ವಾ? ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 3, 4, 3, 4 ಮಾತ್ರೆಯ ಗಣ. ಒಟ್ಟು 14 ಮಾತ್ರೆ. ನನ್ನ ರಫ್ ಬುಕ್‌ನಲ್ಲಿ ಮೊದಲು ಇದ್ದದ್ದು "ಕೋಟೆಯ ಬಂಡೆಯ ಮೇಲೆ ಮಳೆಹನಿ". ಪ್ರಸ್ತಾರ ಹಾಕಿ ಮಾತ್ರೆ ಎಣಿಸಿದರೆ 15 ಬಂತು. ಕೋ ಗುರು, ಅಂದರೆ ಎರಡು ಮಾತ್ರೆ. ಟೆ ಮತ್ತು ಯ ಲಘು, ಒಂದೊಂದು. ಮೂರಿರಬೇಕಾದಲ್ಲಿ ನಾಲ್ಕಾಯಿತು. ಒಂದು "ಯ" ತೆಗೆದೆ. "ಕೋಟೆ ಬಂಡೆಯ ಮೇಲೆ ಮಳೆಹನಿ." ಲೆಕ್ಕ ಸರಿಹೋಯಿತು. ಅದಕ್ಕಿಂತ ಮುಖ್ಯ, ಬಾಯಲ್ಲಿ ಹೇಳಿದರೆ ಸಾಲು ತಾನೇ ಓಡತೊಡಗಿತು. ಆದಿಪ್ರಾಸ ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಹಾಗಾಗಿ ಎರಡನೇ ಸಾಲಿಗೂ "ಟ" ಬೇಕಿತ್ತು. ತಡಕಾಡಿ ತಡಕಾಡಿ "ದಾಟಿ ಬಂದಿತು ಗಾಳಿ ಸುಯ್ಯನೆ" ಅಂತ ಸಿಕ್ಕಿತು. ಮೂರನೇ ಸಾಲಿಗೆ 3, 4ರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಬೇಕು. ಅದು ಬರಲೇ ಇಲ್ಲ. ಹಿನ್ನೋಟದಲ್ಲಿ ಇದನ್ನೆಲ್ಲ ಹೀಗೇ ಬರೆದೆ. "ಒಂದು ಅಕ್ಷರ ತೆಗೆದಾಗ ಓಟ ಬಂತು, ಮೂರನೇ ಸಾಲು ಇನ್ನೂ ಬಾಕಿ" ಅಂತ. ಮೇಷ್ಟ್ರು ಪಕ್ಕದಲ್ಲಿ "ಬಾಕಿ ತೀರಿಸು" ಅಂತ ಕೆಂಪು ಶಾಯಿಯಲ್ಲಿ ಬರೆದು ಕೊಟ್ಟರು.

ಓದಿನ ಬಗ್ಗೆ ಬರೆಯುವಾಗ ಕಥೆಯ ಸಾರಾಂಶ ಬೇಡ. ಮಿಸ್‌ಗೆ ಕಥೆ ಗೊತ್ತು. ನೀನು ಎಲ್ಲಿ ನಿಂತೆ, ಯಾವ ಪುಟಕ್ಕೆ ವಾಪಸ್ ಹೋದೆ, ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಅದು ಬೇಕು. ನಮ್ಮಜ್ಜಿಗೆ ಓದಲು ಬರುವುದಿಲ್ಲ, ನಾನು ಪಾಠದ ಕಥೆ ಜೋರಾಗಿ ಓದುತ್ತಿದ್ದೆ. ಅವರು ಮಧ್ಯೆ ಮಧ್ಯೆ "ಆ ಹೆಣ್ಣುಮಗಳು ಉಂಡಳೇನೇ?" ಅಂತ ಕೇಳೋರು. ಕಥೆಯಲ್ಲಿ ಎಲ್ಲರೂ ಊಟ ಮಾಡುತ್ತಾರೆ, ಬಡಿಸಿದವಳು ಉಂಡಳೋ ಇಲ್ಲವೋ ಬರೆದೇ ಇಲ್ಲ. ಪಾಠದ ಕೊನೆಯ ಯಾವ ಪ್ರಶ್ನೆಯಲ್ಲೂ ಅದು ಇರಲಿಲ್ಲ. ಅಜ್ಜಿಯ ಆ ಪ್ರಶ್ನೆಯ ಮೇಲೆಯೇ ಅರ್ಧ ಪುಟ ಬರೆದೆ.

ಡಿಪ್ಲೊಮಾ ಓದುತ್ತಿರುವ ಹುಡುಗ, ದಾವಣಗೆರೆ

ಇಷ್ಟೆಲ್ಲ ಯಾಕೆ ಕಷ್ಟ? ಫೋನಿಗೆ ಕೇಳಿದರೆ ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ.

ಪ್ರೌಢಶಾಲೆ ಕನ್ನಡ ಶಿಕ್ಷಕಿ, ದಾವಣಗೆರೆ ತಾಲ್ಲೂಕು

ಕೊಡುತ್ತದಪ್ಪಾ. ಅಂಥವನ್ನು ನಾನು ಕಂತೆಗಟ್ಟಲೆ ನೋಡಿದ್ದೇನೆ. ಎಲ್ಲದರಲ್ಲೂ "ಈ ವರ್ಷ ನನ್ನ ಜೀವನದ ಅವಿಸ್ಮರಣೀಯ ಪಯಣ" ಅಂತ ಇರುತ್ತದೆ. ಒಂದರಲ್ಲೂ ಅಜ್ಜಿ ಇರುವುದಿಲ್ಲ.

ಪುಟ್ಟಿ, "ಪದ್ಯ ಕಷ್ಟ" ಅಂತ ಬರೆದಿದ್ದೀಯಲ್ಲ, ಅದನ್ನು ತೆಗೆಯಬೇಡ. ಎಲ್ಲಿ ಕಷ್ಟ ಅಂತ ಮುಂದುವರಿಸು. ಹಳಗನ್ನಡದ ಪದಗಳ ಅರ್ಥ ತಿಳಿಯುವುದಿಲ್ಲವಾ? ಸಂಧಿಯಾಗಿ ಅಂಟಿಕೊಂಡ ಪದಗಳನ್ನು ಎಲ್ಲಿ ಬಿಡಿಸಬೇಕು ಅಂತ ಗೊತ್ತಾಗುವುದಿಲ್ಲವಾ? ಅರ್ಥ ಎಲ್ಲ ಗೊತ್ತಿದ್ದೂ ಕವಿ ಯಾಕೆ ಹೀಗೆ ಹೇಳಿದ ಅಂತ ಹಿಡಿಯಲು ಆಗುತ್ತಿಲ್ಲವಾ? ಈ ಮೂರೂ ಬೇರೆ ಬೇರೆ ಕಷ್ಟ. ನನ್ನ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಎರಡನೆಯದು. ಪದವಿಭಾಗ ಮಾಡಿ ಒಮ್ಮೆ ಗಮಕದಲ್ಲಿ ಹಾಡಿಸಿದರೆ, ಅರ್ಥ ಹೇಳುವ ಮೊದಲೇ ಅರ್ಧ ಮಕ್ಕಳ ಮುಖ ಅರಳುತ್ತದೆ. ಯಾವ ಪದ್ಯ, ಯಾವ ಸಾಲು ಅಂತ ಬೆರಳಿಟ್ಟು ತೋರಿಸಿದರೆ ನಿಮ್ಮ ಮಿಸ್‌ಗೂ ಉಪಕಾರ. ಮುಂದಿನ ವರ್ಷ ಎಲ್ಲಿ ನಿಧಾನ ಮಾಡಬೇಕು ಅಂತ ಅವರಿಗೆ ತಿಳಿಯುತ್ತದೆ.

ಹತ್ತನೇ ತರಗತಿ ಹುಡುಗನ ತಂದೆ, ಹರಿಹರ

ಬೇಜಾರು ಮಾಡಿಕೊಳ್ಳಬೇಡಿ ಮೇಡಂ. ಈ ಹುಡುಗಿಗೆ ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. 625ಕ್ಕೆ ಎಷ್ಟು ಅಂತ ಕೇಳುತ್ತಾರೆಯೇ ಹೊರತು ಹಿನ್ನೋಟ ಬರೆದೆಯಾ ಅಂತ ಯಾರೂ ಕೇಳುವುದಿಲ್ಲ. ಹಳೆ ಪ್ರಶ್ನೆಪತ್ರಿಕೆ ಬಿಡಿಸುವುದು ವಾಸಿ ಅಲ್ವಾ?

ಅದೇ ಶಿಕ್ಷಕಿ

ಬಿಡಿಸಲಿ ಸರ್, ಬೇಡ ಅನ್ನುವುದಿಲ್ಲ. ಆ 625ರಲ್ಲಿ 125 ಪ್ರಥಮ ಭಾಷೆಯದು. ಅದರಲ್ಲಿ ಪ್ರಬಂಧ, ಪತ್ರ, ಪದ್ಯದ ಸಾರಾಂಶ ಎಲ್ಲ ಸ್ವಂತ ವಾಕ್ಯದಲ್ಲೇ ಬರೆಯಬೇಕು. ಸ್ವಂತ ವಾಕ್ಯ ಬರೆದು ರೂಢಿ ಇಲ್ಲದ ಮಕ್ಕಳು ಅಲ್ಲೇ ತಡವರಿಸುವುದು.

ನಿವೃತ್ತ ವಿಜ್ಞಾನ ಶಿಕ್ಷಕ, ಚಿತ್ರದುರ್ಗ

ದಾಸವಾಳದ ಪ್ರಯೋಗ ಇಷ್ಟವಾಯಿತು ಅಂದಿದ್ದೀಯಲ್ಲ ಮಗಳೆ, ಏನು ಮಾಡಿದಿರಿ, ಏನಾಯಿತು? ಅದನ್ನೇ ಇಲ್ಲಿ ಬರಿ ನೋಡೋಣ.

ಕೇಳಿದವಳು

ಸರ್, ಕೆಂಪು ದಾಸವಾಳದ ಎಸಳು ಬಿಸಿನೀರಿನಲ್ಲಿ ನೆನೆಸಿ ರಸ ತೆಗೆದೆವು. ನಿಂಬೆರಸ ಹಾಕಿದರೆ ಗಾಢ ಗುಲಾಬಿ ಆಯಿತು. ಸೋಪಿನ ನೀರು ಹಾಕಿದರೆ ಹಸಿರಾಯಿತು. ಪುಸ್ತಕದಲ್ಲಿ ಇದ್ದ ಹಾಗೇ. ಆಮೇಲೆ ನಾನು ನಮ್ಮ ಮನೆಯ ಬೋರ್ ನೀರು ತಗೊಂಡು ಹೋಗಿದ್ದೆ. ಅದು ಗಡಸು ನೀರು, ಹಸಿರಾಗುತ್ತದೆ ಅಂದುಕೊಂಡಿದ್ದೆ. ಬಣ್ಣ ಏನೂ ಅಷ್ಟು ಬದಲಾಗಲಿಲ್ಲ. ಅದನ್ನು ರೆಕಾರ್ಡ್‌ನಲ್ಲಿ ಬರೆದಿಲ್ಲ. ಫಲಿತಾಂಶ ಬರಲಿಲ್ಲವಲ್ಲ ಅಂತ.

ನಿವೃತ್ತ ವಿಜ್ಞಾನ ಶಿಕ್ಷಕ

ಫಲಿತಾಂಶ ಬಂದಿದೆ ಕಣಮ್ಮಾ! ಇಡೀ ಪ್ರಯೋಗದಲ್ಲಿ ನಿನ್ನದು ಅಂತ ಇರುವುದು ಅದೊಂದೇ. ನಿಂಬೆರಸ, ಸೋಪು ಎರಡೂ ಪುಸ್ತಕದ್ದು. ಬೋರ್ ನೀರು ನಿನ್ನದು.

ಗಡಸುತನ ಬರುವುದು ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿಂದ. ದಾಸವಾಳದ ರಸ ತೋರಿಸುವುದು ಆಮ್ಲವೋ ಪ್ರತ್ಯಾಮ್ಲವೋ ಅನ್ನುವುದನ್ನು. ಎರಡೂ ಬೇರೆ ಬೇರೆ ಗುಣ. ಗಡಸು ನೀರನ್ನು ಹಿಡಿಯಬೇಕಾದರೆ ಸೋಪು ಬೇಕು. ಒಂದು ಬಾಟಲಿಗೆ ಬೋರ್ ನೀರು, ಇನ್ನೊಂದಕ್ಕೆ ಅಷ್ಟೇ ಮಳೆನೀರು ಹಾಕು. ಎರಡಕ್ಕೂ ಅಷ್ಟಷ್ಟೇ ಬಾರ್ ಸೋಪಿನ ತುರಿ ಹಾಕಿ ಕುಲುಕು. ಡಿಟರ್ಜೆಂಟ್ ಪುಡಿ ಬೇಡ, ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಮಳೆನೀರಿನಲ್ಲಿ ಬುರುಬುರು ನೊರೆ ಬರುತ್ತದೆ, ಬೋರ್ ನೀರಿನಲ್ಲಿ ನೊರೆ ಕಮ್ಮಿ, ಬಿಳಿ ಗಸಿ ಜಾಸ್ತಿ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟಿರುತ್ತದಲ್ಲ, ಅದೂ ಇದೇ ಲವಣಗಳ ಕೆಲಸ. ಹೀಗೆ ಬರಿ: ಏನು ಅಂದುಕೊಂಡಿದ್ದೆ, ಏನು ಕಂಡೆ, ಇನ್ನು ಏನು ನೋಡಬೇಕು. ಮನೆಯಲ್ಲಿ ಅರಿಶಿನ ಇದ್ದರೆ ಅದನ್ನೂ ನೋಡು. ಸುಣ್ಣದ ನೀರಿಗೆ ಕೆಂಪಾಗುತ್ತದೆ, ಮೇಲೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದು ಇದರಿಂದಲೇ.

ಇನ್ನೊಂದು ಮಾತು. ರಜೆಯಲ್ಲಿ ದುರ್ಗದ ಕಡೆ ಬಂದರೆ ಕೋಟೆ ನೋಡಿ ಹಾಗೇ ಹೋಗಬೇಡ, ಮರಡಿಹಳ್ಳಿಗೂ ಹೋಗು. ಅಲ್ಲಿ ದಿಂಬು ಪೇರಿಸಿಟ್ಟ ಹಾಗೆ ಉರುಟು ಕಲ್ಲುಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯ ಲಾವಾ ಅದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾವಾ ನೀರಿನ ಒಳಗೆ ಉಕ್ಕಿದರೆ ಹೊರಮೈ ತಟ್ಟನೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ದ್ರವ ಇರುತ್ತದೆ. ಅದು ತೊಗಟೆ ಸೀಳಿಕೊಂಡು ಪಕ್ಕದಲ್ಲಿ ಇನ್ನೊಂದು ದಿಂಬಾಗುತ್ತದೆ. ಅಂದರೆ ಇಷ್ಟು ಒಣಗಿದ ನಮ್ಮ ಜಿಲ್ಲೆ ಒಂದು ಕಾಲಕ್ಕೆ ನೀರಿನ ಅಡಿಯಲ್ಲಿತ್ತು. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗ "ಮೊದಲು ಬಿಡಿಸಿ, ಆಮೇಲೆ ಹೇಳುತ್ತೇನೆ" ಅನ್ನುತ್ತಿದ್ದೆ. ಕಲ್ಲಿನ ಅಂಚು ನೋಡಿ ನೋಡಿ ಬಿಡಿಸಿದವರು "ಸರ್, ಒಂದರ ಮೇಲೊಂದು ಅಮುಕಿಕೊಂಡಿವೆ" ಅಂತ ತಾವೇ ಹೇಳೋರು. ಬರೀ ಸೆಲ್ಫಿ ತೆಗೆದುಕೊಂಡವರಿಗೆ ಅದು ಕಾಣುತ್ತಿರಲಿಲ್ಲ.

ಚಿತ್ರಕಲಾ ಶಿಕ್ಷಕ, ದಾವಣಗೆರೆ

ಮೇಷ್ಟ್ರು ನಮ್ಮ ವಿಷಯವನ್ನೂ ಸೇರಿಸಿ ಹೇಳಿಬಿಟ್ಟರು. ಆದರೂ ಸ್ವಲ್ಪ ತಕರಾರು ಇದೆ. ಚಿತ್ರ ಬಿಡಿಸುವುದು ವಿಜ್ಞಾನಕ್ಕೆ ಸಹಾಯ ಮಾಡಲು ಮಾತ್ರ ಅಲ್ಲ. "ಖುಷಿ" ಅಂತ ಬರೆದಿದ್ದಾಳಲ್ಲ, ಆ ಖುಷಿ ಎಲ್ಲಿ ಬಂತು ಅಂತ ಹುಡುಕಲಿ.

ಹೀಗೆ ಮಾಡಮ್ಮ. ಜೂನ್‌ನಲ್ಲಿ ಬಿಡಿಸಿದ್ದು ಒಂದು, ಫೆಬ್ರವರಿಯಲ್ಲಿ ಬಿಡಿಸಿದ್ದು ಒಂದು, ಅಕ್ಕಪಕ್ಕ ಇಡು. ಯಾವುದು ಚೆಂದ ಅಂತ ನೋಡಬೇಡ. ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡು. ಜಾಸ್ತಿ ಮಕ್ಕಳ ಮೊದಲ ಚಿತ್ರದಲ್ಲಿ ಬೆಳಕೇ ಇರುವುದಿಲ್ಲ, ಬರೀ ಗೆರೆ. ಎಲ್ಲದಕ್ಕೂ ಒಂದೇ ಎಚ್‌ಬಿ ಪೆನ್ಸಿಲ್. ಆಮೇಲೆ ಯಾವಾಗಲೋ ಒಂದು ದಿನ ಇನ್ನೂ ಕಪ್ಪಾಗಿ ಬರೆಯುವ 4ಬಿ ಪೆನ್ಸಿಲ್ ಹಿಡಿದು ಒಂದು ಪಕ್ಕ ಕಪ್ಪು ಮಾಡುತ್ತಾರೆ, ಕಲ್ಲು ಹಾಳೆಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಆ ದಿನ ಯಾವುದು, ಯಾವ ಚಿತ್ರ, ಅದನ್ನು ಬರಿ. ನಾನು ಒಮ್ಮೆ ಮಕ್ಕಳನ್ನು ದುರ್ಗದ ಕೋಟೆಗೆ ಕರೆದುಕೊಂಡು ಹೋಗಿ ಬುರುಜು ಬಿಡಿಸಿ ಅಂದೆ. ಒಬ್ಬ ಹುಡುಗ ಬುರುಜು ಬಿಟ್ಟು ಪಕ್ಕದ ಬಂಡೆಯಲ್ಲಿದ್ದ ಸಾಲು ಗುಳಿಗಳನ್ನಷ್ಟೇ ಬಿಡಿಸಿದ್ದ. ಬಂಡೆ ಸೀಳಲು ಕಲ್ಲುಕುಟಿಗರು ಉಳಿ ಇಟ್ಟು ಕೊರೆದ ಗುಳಿಗಳು ಅವು. ಸೀಳದೆ ಅರ್ಧಕ್ಕೇ ಬಿಟ್ಟು ಹೋಗಿದ್ದರು. ಅವತ್ತಿನ ಚಿತ್ರಗಳಲ್ಲಿ ನನಗೆ ಈಗಲೂ ನೆನಪಿರುವುದು ಅದೊಂದೇ.

ಮೊಳಕಾಲ್ಮೂರಿನ ಒಬ್ಬರು

ಓದು ಅಂದರೆ ಕಥೆಪುಸ್ತಕ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ತಂದೆ ತಾಯಿ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು ಅಂತೆಲ್ಲ ಇದೆ. ಕೊನೆಯಲ್ಲಿ ಬರೆದವನು ಚಪಡ ಅಂತ ತನ್ನ ಹೆಸರು ಹಾಕಿಕೊಂಡಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ಅವನ ವೃತ್ತಿ ಹೇಳುವ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ. ಅಷ್ಟು ದೂರದ ಲಿಪಿ ಇಲ್ಲಿಯ ಬಂಡೆ ಮೇಲೆ ಯಾಕೆ ಬಂತು ಅಂತ ನನ್ನ ಮಗಳು ಅವಳ ಹಿನ್ನೋಟದಲ್ಲಿ ಕೇಳಿದ್ದಳು. ಉತ್ತರ ಬರೆದಿರಲಿಲ್ಲ. ಆದರೂ ಆ ಪುಟವನ್ನು ಮಿಸ್ ಇಡೀ ಕ್ಲಾಸಿಗೆ ಓದಿ ಹೇಳಿದರಂತೆ.

ಕೇಳಿದವಳು

ತುಂಬಾ ಥ್ಯಾಂಕ್ಸ್. ರಫ್ ಬುಕ್ ತೆಗೆದೆ. ಬೋರ್ ನೀರಿನದ್ದು ಒಂದು ಪುಟ ಆಯಿತು, ನಾಳೆ ಸೋಪು ತುರಿದು ನೋಡುತ್ತೇನೆ. ಪದ್ಯದಲ್ಲಿ ನನಗೂ ಮೇಡಂ ಹೇಳಿದ ಎರಡನೇ ಕಷ್ಟವೇ. ಒಂದೇ ಭಯ. ನಾಲ್ಕಕ್ಕೂ ಒಂದೊಂದು ಪುಟ ಅಂತ ಹೇಳಿದ್ದಾರೆ, ವಿಜ್ಞಾನವೇ ಎರಡು ಪುಟ ಆಗುವ ಹಾಗಿದೆ. ಇನ್ನೊಂದು, ಅಜ್ಜಿಯಂಥ ಮನೆ ವಿಷಯ ಬರೆದರೆ, ಕ್ಲಾಸಲ್ಲಿ ಎದ್ದು ಓದು ಅಂದರೆ ಏನು ಮಾಡಲಿ?

ದ್ವಿತೀಯ ಪಿಯುಸಿ ವಿದ್ಯಾರ್ಥಿನಿ

ಎರಡು ಪುಟ ಆದರೆ ಆಗಲಿ. ಚಿತ್ರಕಲೆಯದು ಅರ್ಧ ಪುಟ ಮಾಡಿ, ಕೆಳಗೆ ಆ ಎರಡು ಚಿತ್ರ ಅಂಟಿಸು. ಅಳತೆ ಹಿಡಿದು ನಾಲ್ಕೂ ಸಮ ಮಾಡಲು ಹೋದರೆ ಮತ್ತೆ "ಚೆನ್ನಾಗಿತ್ತು" ಬಂದು ಕೂರುತ್ತದೆ. ಓದಲು ಇಷ್ಟವಿಲ್ಲದ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಸಣ್ಣ ಚುಕ್ಕೆ ಇಡು. ಕೊಡುವಾಗಲೇ ಮಿಸ್‌ಗೆ "ಚುಕ್ಕೆ ಇಟ್ಟದ್ದು ನಿಮಗೆ ಮಾತ್ರ" ಅಂತ ಹೇಳು. ನಮ್ಮ ಮೇಷ್ಟ್ರು ಒಪ್ಪಿಕೊಂಡಿದ್ದರು. ನಾಳೆ ಸೋಪಿನದ್ದು ಏನಾಯಿತು ಅಂತ ಇಲ್ಲಿ ಬರಿ, ಮರೀಬೇಡ.