ಅತ್ತಾಗಲೆಲ್ಲ ಎತ್ತಿಕೊಂಡರೆ ಮಗು ಹಟಮಾರಿಯಾಗುತ್ತದೆಯೇ?

ಪ್ರಶ್ನೆ: ಡೊಂಬಿವಲಿಯ ತಾಯಿ

ನನ್ನ ಮಗನಿಗೆ ಒಂಬತ್ತು ತಿಂಗಳು. ಹೆರಿಗೆ ರಜೆ ಮುಗಿದು ಮತ್ತೆ ಮುಂಬಯಿಯ ಫೋರ್ಟ್‌ನ ಕಚೇರಿಗೆ ಹೋಗುತ್ತಿದ್ದೇನೆ; ಲೋಕಲ್ ರೈಲು ಹಿಡಿದು ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಹಗಲು ಅತ್ತೆಯವರೂ ಮರಾಠಿ ಮಾತನಾಡುವ ಬಾಯಿಯೊಬ್ಬರೂ (ಕೆಲಸದಾಕೆ) ಮಗುವನ್ನು ನೋಡಿಕೊಳ್ಳುತ್ತಾರೆ. ಅತ್ತಾಗಲೆಲ್ಲ ಎತ್ತಿಕೊಂಡರೆ ಕೆಳಗಿಳಿಯುವುದೇ ಇಲ್ಲವೆಂಬುದು ಅತ್ತೆಯವರ ವಾದ. ಕೂಡಲೇ ಸ್ಪಂದಿಸಿ ಎಂಬುದು ವೈದ್ಯರ ಸಲಹೆ. ಯಾವುದು ಸರಿ? ದಿನಕ್ಕೆ ಎರಡು ಗಂಟೆಯಷ್ಟೇ ಮಗುವಿನೊಡನೆ ಇರುವ ನನ್ನಂಥವರಿಂದ ಏನಾದೀತು?

ಉತ್ತರ: ಪುಣೆಯ ಮಕ್ಕಳ ವೈದ್ಯೆ

ಹಟ ಹಿಡಿದು ಗೆಲ್ಲುವ ಲೆಕ್ಕಾಚಾರ ಈ ವಯಸ್ಸಿನ ಮಗುವಿಗೆ ತಿಳಿಯದು; ಹಸಿವು, ನಿದ್ದೆ, ನೋವು, ಭಯಗಳನ್ನು ಅದು ಅಳುವಿನಿಂದ, ನೋಟದಿಂದ, ಕೈ ಚಾಚುವುದರಿಂದಲೇ ಹೇಳಬೇಕು. ಪ್ರತಿ ಸಲವೂ ಎತ್ತಿಕೊಳ್ಳಲೇಬೇಕೆಂದಿಲ್ಲ, ಕೆಲವೊಮ್ಮೆ ಪರಿಚಿತ ದನಿ ಕೇಳಿಸಿದರೂ ಸಾಕು. ಕರೆದರೆ ಯಾರಾದರೂ ಓಗೊಡುತ್ತಾರೆಂದು ನೆಚ್ಚಿದ ಮಗು ಧೈರ್ಯವಾಗಿ ತೆವಳಿಕೊಂಡು ಹೋಗಿ ಸುತ್ತಲಿನದನ್ನು ಮುಟ್ಟಿ ನೋಡುತ್ತದೆ, ಅದರ ತೊದಲಿಗೆ ನಾವು ಮರುಮಾತಾಡಿದಂತೆಲ್ಲ ಭಾಷೆಯೂ ಬೆಳೆಯುತ್ತದೆ. ಸೂಚನೆಗಳನ್ನು ಗಮನಿಸುವ ರೂಢಿಯಿದ್ದವರಿಗೆ ಹಾಲು ನಿರಾಕರಿಸುವುದು, ಎಂದಿಲ್ಲದಂತೆ ಮಂಕಾಗುವುದು ಮುಂತಾದ ಕಾಯಿಲೆಯ ಲಕ್ಷಣಗಳೂ ಬೇಗ ಕಣ್ಣಿಗೆ ಬೀಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಬ್ಯಾಂಕ್ 2018ರಲ್ಲಿ ಮುಂದಿಟ್ಟ ಪೋಷಣೆಯ ಚೌಕಟ್ಟಿನಲ್ಲಿ ಆರೋಗ್ಯ, ಆಹಾರ, ಸುರಕ್ಷತೆ, ಕಲಿಕೆಗಳ ಸಾಲಿನಲ್ಲೇ ಸ್ಪಂದಿಸುವ ಪಾಲನೆಗೂ ಸ್ಥಾನವಿದೆ.

ಮನಶ್ಶಾಸ್ತ್ರಜ್ಞೆಯರಾದ ಬೆಲ್ ಮತ್ತು ಐನ್ಸ್‌ವರ್ತ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ತಾಯಂದಿರು ಬೇಗ ಸ್ಪಂದಿಸಿದ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು. ಅದು 26 ಮಕ್ಕಳ ಸಣ್ಣ ಅಧ್ಯಯನ, ನಂತರ ಅದನ್ನು ಪ್ರಶ್ನಿಸಿದವರೂ ಇದ್ದಾರೆ. ಆದ್ದರಿಂದ ಅತ್ತೆಯವರೊಡನೆ ವಾದಿಸಲು ಅದೊಂದನ್ನೇ ನೆಚ್ಚಬೇಡಿ.

ಉತ್ತರ: ವಾಸ್ಕೋದ ಅಜ್ಜಿ

ಊಟದ ವಿಷಯ ಸೇರಿಸುತ್ತೇನೆ. ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ಬೇಳೆ, ಏನೇ ಇರಲಿ, ಬಾಯಿ ತೆರೆದು ಮುಂದಕ್ಕೆ ಬಾಗಿದರೆ ಬೇಕೆಂದು, ಮುಖ ತಿರುಗಿಸಿದರೆ ಸಾಕೆಂದು ತಿಳಿಯಬೇಕು. ಬಟ್ಟಲು ಖಾಲಿಯಾಗಲೆಂದು ಮೊಬೈಲ್ ತೋರಿಸಿ ತುರುಕಿದರೆ ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗದು. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ಉತ್ತರ: ಮುಲುಂಡ್‌ನ ತಂದೆ

ಈ ಚರ್ಚೆಯಲ್ಲಿ ಮಗುವಿನ ತಂದೆಯ ಹೆಸರೇ ಬಂದಿಲ್ಲವಲ್ಲ! ಸ್ಪಂದಿಸುವುದು ತಾಯಿಯೊಬ್ಬಳ ಹೊಣೆಯಲ್ಲ. ಬಾಯಿಯವರು ಮರಾಠಿಯಲ್ಲೇ ಮಾತನಾಡಿಸಲಿ, ನೀವು ಕನ್ನಡದಲ್ಲಿ ಮಾತನಾಡಿಸಿ. ಎರಡು ಭಾಷೆಯಿಂದ ಮಗುವಿಗೆ ತೊಂದರೆಯಿಲ್ಲ. ರಾತ್ರಿಯ ಆ ಎರಡು ಗಂಟೆ ಫೋನನ್ನು ಪಕ್ಕಕ್ಕಿಟ್ಟು, ಎಣ್ಣೆ ಹಚ್ಚುವಾಗಲೂ ಬಟ್ಟೆ ಬದಲಿಸುವಾಗಲೂ ಅವನ ಮುಖ ನೋಡಿ ಮಾತನಾಡಿ, ಅವನು ದನಿ ಮಾಡಿದಾಗ ನಿಂತು ಕೇಳಿ. ಅಡುಗೆಯನ್ನು ಅಷ್ಟು ಹೊತ್ತು ಅವನ ಅಪ್ಪ ನೋಡಿಕೊಳ್ಳಲಿ.